ಮಳೆಗಾಲಕ್ಕೆ ಮುಂಚೆ ಹಸಿ ಹಲಸಿನ ಹಲಗೆಗಳನ್ನು ಹೊರಗೆ ಒಟ್ಟುವುದು ಹೇಗೆ?

ಪ್ರಶ್ನೆ: ಬನಶಂಕರಿಯಿಂದ

ನಮ್ಮ ಹಿತ್ತಿಲಿನಲ್ಲಿ ತಾತ ನೆಟ್ಟಿದ್ದ ಹಲಸಿನ ಮರವು ಮೇ ತಿಂಗಳ ಮೊದಲ ವಾರದ ಗಾಳಿಮಳೆಗೆ ಬುಡಸಮೇತ ಉರುಳಿತು. ಅದನ್ನು ಸೌದೆಗೆ ಕೊಡಲು ಮನೆಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ದಿಮ್ಮಿಗಳನ್ನು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕಡೆಗೆ ಸಾಗಿಸಿ, ಒಂದೂವರೆ ಅಂಗುಲ ದಪ್ಪದ 26 ಹಲಗೆಗಳನ್ನೂ 3 ಅಂಗುಲ ದಪ್ಪದ 4 ತುಂಡುಗಳನ್ನೂ ಕೊಯ್ಯಿಸಿ ತಂದಿದ್ದೇವೆ. ಎಲ್ಲವೂ ಸುಮಾರು 7 ಅಡಿ ಉದ್ದವಿವೆ. ದೇವರ ಮನೆಯ ಬಾಗಿಲು ಮತ್ತು ಅಮ್ಮನಿಗೆ ಒಂದು ಉಯ್ಯಾಲೆ ಮಣೆ ಮಾಡಿಸಬೇಕೆಂಬುದು ನಮ್ಮ ಆಸೆ.

ತಂದ ದಿನವೇ ತಪ್ಪು ಮಾಡಿದೆ ಎಂದು ಈಗ ಅನಿಸುತ್ತಿದೆ. ಮಳೆಗೆ ಹೆದರಿ ಹಲಗೆಗಳನ್ನು ಒಂದರ ಮೇಲೊಂದು ಒತ್ತಾಗಿ ಜೋಡಿಸಿ, ನೀಲಿ ಟಾರ್ಪಾಲನ್ನು ನೆಲದವರೆಗೆ ಇಳಿಬಿಟ್ಟು, ಸುತ್ತಲೂ ಹಗ್ಗದಿಂದ ಬಿಗಿದಿದ್ದೆ. ಹತ್ತು ದಿನ ಕಳೆದು ತೆಗೆದು ನೋಡಿದರೆ ಒಳಗಿನಿಂದ ಬಿಸಿ ಹಬೆಯೊಂದಿಗೆ ಹುಳಿತ ವಾಸನೆ ಹೊಡೆಯಿತು. ಟಾರ್ಪಾಲಿನ ಒಳಮೈಯಲ್ಲಿ ನೀರಿನ ಹನಿಗಳು ಸಾಲುಗಟ್ಟಿದ್ದವು. ಹಲಗೆಗಳ ಮೇಲೆ ಬೂದುಬಣ್ಣದ ಬೂಷ್ಟು ಹರಡಿತ್ತು. ಎರಡೂ ತುದಿಗಳಲ್ಲಿ ಉಗುರು ತೂರುವಷ್ಟು ಬಿರುಕುಗಳಿವೆ.

ಮನೆಯ ದಕ್ಷಿಣ ಪಕ್ಕದಲ್ಲಿ ಕಾಂಪೌಂಡಿನವರೆಗೆ 4 ಅಡಿ ಅಗಲದ ಓಣಿಯಿದೆ, ಮೇಲೆ ಬಿಸಿಲು ಧಾರಾಳವಾಗಿ ಬೀಳುವ ತಾರಸಿಯೂ ಇದೆ. ಪರಿಚಯದ ಬಡಗಿಯೊಬ್ಬರು ತಾರಸಿಯ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಎರಡು ತಿಂಗಳಲ್ಲಿ ಒಣಗುತ್ತದೆ ಎನ್ನುತ್ತಾರೆ. ಎಲ್ಲಿ ಇಡಬೇಕು, ಏನನ್ನು ಹೊದಿಸಬೇಕು, ಎಷ್ಟು ಕಾಲ ಕಾಯಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ರಾಜಾಜಿನಗರದಿಂದ, ಮರಗೆಲಸದವರು

ಟಾರ್ಪಾಲನ್ನು ಇಂದೇ ಬಿಚ್ಚಿಹಾಕಿ. ಹಸಿ ಮರದಿಂದ ಹೊರಬರುವ ನೀರು ಎಲ್ಲಿಗಾದರೂ ಹೋಗಲೇಬೇಕು. ಸುತ್ತ ಕಟ್ಟಿದ ಹೊದಿಕೆಯೊಳಗೆ ಅದು ಹಬೆಯಾಗಿ ಏರಿ, ಹನಿಯಾಗಿ ಮತ್ತೆ ಹಲಗೆಯ ಮೇಲೆಯೇ ಬೀಳುತ್ತದೆ. ನೀವು ಹನಿಗಳ ಸಾಲು ಕಂಡದ್ದು ಇದರಿಂದಲೇ. ಹಲಗೆಯ ಅಟ್ಟಿಗೆ ತಲೆಯ ಮೇಲೆ ಸೂರು ಬೇಕು, ನಾಲ್ಕು ಪಕ್ಕಗಳೂ ತೆರೆದಿರಬೇಕು. ಎರಚಲು ಬಡಿದು ಮೇಲ್ಮೈ ನೆನೆದರೆ ಗಾಳಿಗೆ ಒಂದೆರಡು ದಿನದಲ್ಲಿ ಆರುತ್ತದೆ, ಆದರೆ ಒಳಗೆ ಸಿಕ್ಕಿಕೊಂಡ ಹಬೆ ಹಲಗೆಯನ್ನೇ ಕೆಡಿಸುತ್ತದೆ.

ಬೂಷ್ಟನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಒಣಗಿದ ಮೇಲೆ ಉಜ್ಜಿ ತೆಗೆಯಿರಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹತ್ತು ದಿನದ ಬೂಷ್ಟು ಸಾಮಾನ್ಯವಾಗಿ ಮೇಲ್ಮೈಯಲ್ಲೇ ಇರುತ್ತದೆ, ರಂದ ಹೊಡೆದಾಗ ಹೋಗುತ್ತದೆ.

ಜಾಗಕ್ಕೆ ಓಣಿಯೇ ಸರಿ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸಿಮೆಂಟ್ ಬ್ಲಾಕುಗಳ ಜೋಡಿಗಳನ್ನು ಸುಮಾರು ಒಂದೂಮುಕ್ಕಾಲು ಅಡಿಗೊಂದರಂತೆ ಇಟ್ಟು, ಪ್ರತಿ ಜೋಡಿಯ ಮೇಲೆ ಗಟ್ಟಿಯಾದ ಅಡ್ಡತೊಲೆಯೊಂದನ್ನು ಕೂರಿಸಿರಿ. 7 ಅಡಿಯ ಹಲಗೆಗೆ ಎರಡು ತುದಿಯ ಬಳಿಯವೂ ಸೇರಿ ಐದು ತೊಲೆ ಬೇಕಾಗುತ್ತದೆ. ಈ ತೊಲೆಗಳ ಮಟ್ಟಕ್ಕೆ ಅರ್ಧ ದಿನ ಹೋದರೂ ಚಿಂತೆಯಿಲ್ಲ. ರಸಮಟ್ಟ ಇಟ್ಟು, ತುದಿಯಿಂದ ತುದಿಗೆ ದಾರ ಹಿಡಿದು ನೋಡಿ. ಒಂದು ತೊಲೆ ಅರ್ಧ ಅಂಗುಲ ತಗ್ಗಿದ್ದರೆ ಹಲಗೆಯೂ ಅಷ್ಟೇ ಬಾಗಿ, ಆ ಬಾಗಿನಲ್ಲೇ ಒಣಗಿ ನಿಲ್ಲುತ್ತದೆ, ಆಮೇಲೆ ಯಾವ ಭಾರ ಹೇರಿದರೂ ನೆಟ್ಟಗಾಗುವುದಿಲ್ಲ.

ಪ್ರತಿ ಪದರದ ನಡುವೆ ಒಂದು ಅಂಗುಲ ಚೌಕದ ರೀಪುಗಳನ್ನು, ಎಂದರೆ ಮರದ ಸಣ್ಣ ಪಟ್ಟಿಗಳನ್ನು, ಅಡ್ಡವಾಗಿ ಇಡಬೇಕು. ರೀಪುಗಳೆಲ್ಲ ಒಂದೇ ದಪ್ಪದವಾಗಿದ್ದು, ಪೂರ್ತಿ ಒಣಗಿದ ಮರದವಾಗಿರಬೇಕು. ಹಸಿ ರೀಪು ಇಟ್ಟರೆ ಹಲಗೆಯ ಮೇಲೆ ಅದರ ಗುರುತು ಕಲೆಯಾಗಿ ಉಳಿಯುತ್ತದೆ. ಕೆಳಗಿನ ತೊಲೆಯಿಂದ ಮೇಲಿನ ಪದರದವರೆಗೆ ರೀಪುಗಳು ಒಂದರ ನೇರಕ್ಕೆ ಒಂದು ಬರಬೇಕು. ಕೊನೆಯ ರೀಪು ಹಲಗೆಯ ತುದಿಗೆ ಸಮನಾಗಿರಲಿ, ಅಕ್ಕಪಕ್ಕದ ಹಲಗೆಗಳ ನಡುವೆ ಒಂದಂಗುಲ ಸಂದಿರಲಿ. ಅಟ್ಟಿ ಎರಡೂವರೆ ಅಡಿಗಿಂತ ಅಗಲವಾದರೆ ನಿಮ್ಮ ಓಣಿಯಲ್ಲಿ ಗಾಳಿ ಆಡಲು ಜಾಗ ಉಳಿಯುವುದಿಲ್ಲ.

ಮೇಲಿನ ಪದರದ ಮೇಲೂ ರೀಪುಗಳನ್ನಿಟ್ಟು, ಅವುಗಳ ನೇರಕ್ಕೆ ಹಳೆಯ ಚಪ್ಪಡಿ ಕಲ್ಲುಗಳನ್ನು ಹೇರಿ. ಅದಕ್ಕೆ ಅರ್ಧ ಅಡಿ ಮೇಲೆ ಜಿ.ಐ. ಶೀಟನ್ನು ಕಾಂಪೌಂಡಿನ ಕಡೆಗೆ ಇಳಿಜಾರಾಗಿ, ತುದಿಗಳಲ್ಲಿ ಒಂದೂವರೆ ಅಡಿ ಚಾಚುವಂತೆ ಕಟ್ಟಿ, ಗಾಳಿಗೆ ಹಾರದಂತೆ ಬಿಗಿಯಿರಿ. ಶೀಟಿನ ನೀರು ಅಟ್ಟಿಯ ಬುಡಕ್ಕೆ ಬೀಳದಂತೆ ಒಂದು ಸಣ್ಣ ಕಾಲುವೆಯೂ ಬೇಕು.

ತುದಿಯ ಬಿರುಕಿಗೆ ಕಾರಣವಿದೆ. ಮರದ ಎಳೆಗಳು ಉದ್ದಕ್ಕೆ ಸಾಗುವ ಕೊಳವೆಗಳಂತಿರುವುದರಿಂದ, ಕೊಯ್ದ ತುದಿಯಿಂದ ನೀರು ಮೈಯಿಂದ ಹೋಗುವುದಕ್ಕಿಂತ 10ರಿಂದ 15 ಪಟ್ಟು ವೇಗವಾಗಿ ಹೋಗುತ್ತದೆ. ತುದಿ ಮೊದಲು ಕುಗ್ಗುತ್ತದೆ, ನಡುಭಾಗ ಕುಗ್ಗುವುದಿಲ್ಲ, ಆ ಎಳೆದಾಟದಲ್ಲಿ ಸೀಳುತ್ತದೆ. ಕೊಯ್ದ ದಿನವೇ ಬಳಿದಿದ್ದರೆ ಚೆನ್ನಾಗಿತ್ತು. ಈಗಲೂ ಕರಗಿಸಿದ ಮೇಣವನ್ನೋ ದಪ್ಪನೆಯ ಎಣ್ಣೆ ಬಣ್ಣವನ್ನೋ ಎರಡು ಬಾರಿ ಬಳಿದರೆ ಬಿರುಕು ಮುಂದುವರಿಯುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಉತ್ತರ 2: ಹೆಸರಘಟ್ಟದಿಂದ

ತಾರಸಿಯ ಗೋಡೆಗೆ ಒರಗಿಸುವ ಸಲಹೆಯ ಬಗ್ಗೆ ನನ್ನ ಅನುಭವವನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ 9 ಹೊನ್ನೆ ಹಲಗೆಗಳನ್ನು ಫೆಬ್ರವರಿಯಲ್ಲಿ ಹಾಗೆಯೇ ನಿಲ್ಲಿಸಿದ್ದೆ. ಬಿಸಿಲಿಗೆ ಮುಖಮಾಡಿದ ಮೈ ಬೇಗ ಒಣಗಿ ಕುಗ್ಗಿತು, ಗೋಡೆಯ ಕಡೆಯ ಮೈ ಹಸಿಯಾಗಿಯೇ ಉಳಿಯಿತು, ಏಪ್ರಿಲ್ ಹೊತ್ತಿಗೆ ಹಲಗೆಗಳು ಮೊರದಂತೆ ಬಗ್ಗಿದ್ದವು. ಅವುಗಳಲ್ಲಿ ಒಂದು ಅಡಿ ಅಗಲದ ಹಲಗೆಯ ಮೇಲೆ ಅಡ್ಡಲಾಗಿ ಅಳತೆಪಟ್ಟಿ ಇಟ್ಟರೆ ನಡುವೆ ನನ್ನ ಕಿರುಬೆರಳು ಸರಾಗವಾಗಿ ತೂರುತ್ತಿತ್ತು. ರಂದ ಹೊಡೆದು ಸಮ ಮಾಡಿದಾಗ ಒಂದಂಗುಲದ ಹಲಗೆ ಅರ್ಧ ಅಂಗುಲಕ್ಕೆ ಬಂದು, ಕಪಾಟಿನ ಹಿಂಬದಿಗೆ ಮಾತ್ರ ಉಪಯೋಗವಾಯಿತು.

ಬಡಗಿಗಳು ಒರಗಿಸಿ ಇಡುವುದು ಹೆಚ್ಚಾಗಿ ಆಗಲೇ ಒಣಗಿದ ಮರವನ್ನು, ಅದೂ ನೆರಳಿನಲ್ಲಿ. ಹಸಿ ಹಲಗೆಗೆ ಅದು ಹೊಂದುವುದಿಲ್ಲ. ಮರವನ್ನು ಒಣಗಿಸಬೇಕಾದದ್ದು ಗಾಳಿ. ನೇರ ಬಿಸಿಲು ಮೇಲ್ಮೈಯನ್ನು ಗಟ್ಟಿಮಾಡಿ ಒಳಗಿನ ಪಸೆಯನ್ನು ಅಲ್ಲೇ ಉಳಿಸುತ್ತದೆ. ತಾರಸಿಯಲ್ಲಿ ಕಾದ ಕಾಂಕ್ರೀಟಿನ ಝಳ ಕೆಳಗಿನಿಂದಲೂ ಹೊಡೆಯುತ್ತದೆ.

ಬೆಂಗಳೂರಿನ ಗಾಳಿಯ ದಿಕ್ಕನ್ನೂ ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ನಿಮ್ಮ ಓಣಿ ಮನೆಯ ದಕ್ಷಿಣ ಪಕ್ಕದಲ್ಲಿ ಪೂರ್ವ-ಪಶ್ಚಿಮವಾಗಿ ಸಾಗುವುದರಿಂದ ಆ ಗಾಳಿ ಅಟ್ಟಿಯ ಉದ್ದಕ್ಕೂ ಹಾದುಹೋಗುತ್ತದೆ, ಇದು ನಿಮ್ಮ ಪುಣ್ಯ. ಪಶ್ಚಿಮದ ತುದಿಯಲ್ಲಿ ಮಾತ್ರ ನರ್ಸರಿಗಳಲ್ಲಿ ಬಳಸುವ ಹಸಿರು ನೆರಳುಬಲೆಯನ್ನು ಇಳಿಬಿಡಿ. ಎರಚಲು ಮುರಿಯುತ್ತದೆ, ಗಾಳಿ ನಿಲ್ಲುವುದಿಲ್ಲ. ಅಕ್ಟೋಬರ್ ಕಳೆದು ಮೂಡಣ ಗಾಳಿ ಶುರುವಾದ ಮೇಲೆ ಅದೇ ಬಲೆಯನ್ನು ಪೂರ್ವದ ತುದಿಗೆ ಬದಲಾಯಿಸಿದರೆ ಆಯಿತು.

ಉತ್ತರ 3: ಮಲ್ಲೇಶ್ವರದಿಂದ

ಹುಳುವಿನ ವಿಷಯವನ್ನು ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಲಸಿನ ಹಳದಿ ಚೇಗು, ಎಂದರೆ ಮರದ ಗಟ್ಟಿ ಒಳಭಾಗ, ಗೆದ್ದಲಿಗೆ ಸುಲಭವಾಗಿ ಬಗ್ಗುವುದಿಲ್ಲ, ಆದರೆ ಅದರ ಸುತ್ತಲಿನ ಬಿಳಿ ಮರಕ್ಕೆ ಆ ಶಕ್ತಿಯಿಲ್ಲ. ಬಿಳಿ ಮರದಲ್ಲಿರುವ ಪಿಷ್ಟವನ್ನು ತಿನ್ನಲು ಬರುವ ಕೊರೆಹುಳುಗಳು ಒಣಗಿದ ಮರವನ್ನೂ ಬಿಡುವುದಿಲ್ಲ. ಅಟ್ಟಿಯ ಕೆಳಗೆ ಗೋಧಿಹಿಟ್ಟಿನಷ್ಟು ನಯವಾದ ಪುಡಿ ಬಿದ್ದಿದ್ದರೆ ಅವು ಒಳಸೇರಿವೆ ಎಂದೇ ತಿಳಿಯಬೇಕು.

ಹಲಗೆಗಳು ಇನ್ನೂ ಹಸಿಯಾಗಿರುವುದು ಇಲ್ಲಿ ನಿಮಗೆ ಅನುಕೂಲ. 20 ಲೀಟರ್ ಬಿಸಿನೀರಿಗೆ 600 ಗ್ರಾಂ ಬಿಳಿಗಾರ (ಬೋರಾಕ್ಸ್) ಮತ್ತು 400 ಗ್ರಾಂ ಬೋರಿಕ್ ಆಮ್ಲವನ್ನು ಕರಗಿಸಿ, ಕೈಗವಸು ಹಾಕಿಕೊಂಡು, ಬೂಷ್ಟು ತೆಗೆದ ಹಲಗೆಗಳ ಎಲ್ಲ ಮೈಗೂ ಎರಡು ಮೂರು ಬಾರಿ ಧಾರಾಳವಾಗಿ ಬಳಿಯಿರಿ. ಮರದೊಳಗಿನ ನೀರಿನ ಮೂಲಕವೇ ಈ ಲವಣ ಒಳಕ್ಕೆ ಇಳಿಯುವುದರಿಂದ ಒಣಗಿದ ಮೇಲೆ ಬಳಿದರೆ ಅಷ್ಟು ಪ್ರಯೋಜನವಾಗುವುದಿಲ್ಲ. ಇದು ನೀರಿನಲ್ಲಿ ಕರಗುವ ವಸ್ತು, ಮಳೆಗೆ ತೊಳೆದುಹೋಗುತ್ತದೆ. ಆದ್ದರಿಂದ ಸೂರು ಸಿದ್ಧವಾದ ಮೇಲೆಯೇ ಬಳಿಯಬೇಕು. ಬಳಿದ ಹಲಗೆಯಲ್ಲಿ ಈಳಿಗೆಮಣೆ, ಚಪಾತಿ ಮಣೆಗಳನ್ನು ಮಾತ್ರ ಮಾಡಿಸಬೇಡಿ.

ಎಷ್ಟು ಕಾಲ ಎಂಬುದಕ್ಕೆ ತಿಂಗಳ ಲೆಕ್ಕಕ್ಕಿಂತ ತೂಕದ ಲೆಕ್ಕ ನಂಬಿಕೆಗೆ ಅರ್ಹ. ಒಂದು ಹಲಗೆಯ ತುದಿಯಿಂದ ಒಂದಡಿ ಬಿಟ್ಟು ಒಂದಂಗುಲದ ಹೋಳನ್ನು ಕೊಯ್ದು ತಕ್ಷಣ ತೂಗಿ. ಆಮೇಲೆ ಓವನ್ನಿನಲ್ಲಿ 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಮತ್ತೆ ತೂಗಿ. ಮೊದಲು 180 ಗ್ರಾಂ ಇದ್ದದ್ದು 120 ಗ್ರಾಂಗೆ ಬಂದರೆ, ಹೋದ 60 ಗ್ರಾಂ ನೀರು ಒಣ ತೂಕದ ಅರ್ಧ, ಎಂದರೆ ತೇವಾಂಶ 50 ಶೇಕಡಾ. ತೇವಾಂಶ 30 ಶೇಕಡಾಕ್ಕೆ ಇಳಿಯುವ ತನಕ ಮರ ಹಗುರವಾಗುತ್ತದೆಯೇ ಹೊರತು ಹೆಚ್ಚು ಕುಗ್ಗುವುದಿಲ್ಲ. ಕುಗ್ಗುವುದು, ಸೊಟ್ಟಗಾಗುವುದು ಅದರ ಕೆಳಗೆ. 20 ಶೇಕಡಾಕ್ಕಿಂತ ಕೆಳಗೆ ಬಂದರೆ ಬೂಷ್ಟಿನ ಭಯವಿಲ್ಲ.

ಆದರೆ ಗಾಳಿಯಲ್ಲಿರುವ ಪಸೆಯನ್ನು ಮೀರಿ ಯಾವ ಹಲಗೆಯೂ ಒಣಗುವುದಿಲ್ಲ. ಗಾಳಿಯ ಆರ್ದ್ರತೆ 80 ಶೇಕಡಾ ಇದ್ದರೆ ಮರ ಸುಮಾರು 16ಕ್ಕೆ ಬಂದು ನಿಲ್ಲುತ್ತದೆ, 50 ಇದ್ದರೆ 9ರ ತನಕ ಇಳಿಯುತ್ತದೆ. ಆದ್ದರಿಂದ ಆಗಸ್ಟ್‌ನಲ್ಲಿ ತೂಕ ನಿಂತಿತೆಂದು ಬಾಗಿಲು ಮಾಡಿಸಿದರೆ ಮಾರ್ಚ್‌ನಲ್ಲಿ ಜೋಡಣೆ ಬಿಡುತ್ತದೆ. ಬಾಗಿಲಿನ ಕೆಲಸವನ್ನು ಬರುವ ಫೆಬ್ರವರಿ-ಮಾರ್ಚ್‌ಗೆ ಇಟ್ಟುಕೊಳ್ಳಿ. ಹೆಚ್ಚಿನ ಸಂದೇಹವಿದ್ದರೆ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ವುಡ್ ಸೈನ್ಸ್ ಅಂಡ್ ಟೆಕ್ನಾಲಜಿ ಇದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದ ಅಲ್ಲಿ ಮರ ಹದಗೊಳಿಸುವುದೂ ಒಂದು ಅಧ್ಯಯನದ ವಿಷಯ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಭಾನುವಾರ ತೊಲೆಗಳನ್ನು ಕೂರಿಸಿ ದಾರ ಹಿಡಿದಾಗ ನಡುವಿನ ತೊಲೆ ಕಾಲಂಗುಲ ತಗ್ಗಿರುವುದು ಕಂಡಿತು. ಕೆಳಗೆ ಹಂಚಿನ ಚೂರು ಕೊಟ್ಟು ಸರಿಪಡಿಸಿದೆ. ಅಕ್ಕಿಪೇಟೆ ಸುತ್ತಿ ಬಿಳಿಗಾರವನ್ನೂ ತಂದಿದ್ದೇನೆ. 3 ಅಂಗುಲದ ನಾಲ್ಕು ತುಂಡುಗಳನ್ನು ಅದೇ ಅಟ್ಟಿಯಲ್ಲಿ ಸೇರಿಸಬಹುದೇ? ಅವುಗಳಲ್ಲಿ ಒಂದರ ನಡುವೆ ಮರದ ತಿರುಳು ಕಾಣುತ್ತಿದೆ.

ಉತ್ತರ 1ರವರು ಮತ್ತೆ:

ಸೇರಿಸಬಹುದು, ಆದರೆ ಒಂದೇ ಪದರದಲ್ಲಿ ಬೇರೆ ಬೇರೆ ದಪ್ಪದವು ಬರಬಾರದು. ದಪ್ಪನೆಯವು ನಾಲ್ಕನ್ನೂ ಎಲ್ಲಕ್ಕಿಂತ ಕೆಳಗೆ ಇಡಿ. ಅವು ನಿಧಾನವಾಗಿ ಒಣಗುವುದರಿಂದ ಮೇಲಿನವನ್ನು ತೆಗೆದ ಮೇಲೂ ಅಲ್ಲೇ ಉಳಿಯಬಹುದು. ದಪ್ಪ ಇಮ್ಮಡಿಯಾದರೆ ಕಾಲ ಇಮ್ಮಡಿಗಿಂತ ಹೆಚ್ಚು ಹಿಡಿಯುತ್ತದೆ, ಹಾಗಾಗಿ ಉಯ್ಯಾಲೆ ಮಣೆಗೆ ಒಂದೂವರೆ ಅಂಗುಲದ ಹಲಗೆಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ತಿರುಳಿರುವ ತುಂಡು ಎಷ್ಟೇ ಜೋಪಾನ ಮಾಡಿದರೂ ಸೀಳುತ್ತದೆ, ಏಕೆಂದರೆ ಮರವು ವರ್ಷದುಂಗುರಗಳ ಗುಂಟ ಕುಗ್ಗುವುದು ತಿರುಳಿನ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಅದನ್ನು ತಿರುಳಿನ ಗುಂಟ ಎರಡಾಗಿ ಕೊಯ್ಯಿಸಿ, ತಿರುಳನ್ನು ತೆಗೆಸಿಬಿಡಿ. ಎರಡು ಒಳ್ಳೆಯ ಕಾಲುಗಳಾದರೂ ಸಿಗುತ್ತವೆ.

ಪ್ರಶ್ನೆ ಕೇಳಿದವರು:

ಹಾಗೆಯೇ ಮಾಡಿದೆ. ಮೇಲಿನ ಪದರದಲ್ಲಿ ಎರಡಡಿಯ ಒಂದು ತುಂಡನ್ನು ತುದಿಗಳಿಗೆ ಬಣ್ಣ ಬಳಿದು, ಸುಲಭವಾಗಿ ಎಳೆದು ತೆಗೆಯುವಂತೆ ಇಟ್ಟಿದ್ದೇನೆ; ಪ್ರತಿ ಭಾನುವಾರ ಅದನ್ನು ತೂಗುವ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾರೆ. ಮೊದಲ ವಾರ 6 ಕಿಲೋ 340 ಗ್ರಾಂ ಇದ್ದದ್ದು ಈ ಭಾನುವಾರ 6 ಕಿಲೋ 90 ಗ್ರಾಂ ಆಗಿದೆ. ಹುಳಿತ ವಾಸನೆ ಹೋಗಿ, ಓಣಿಯಲ್ಲಿ ಈಗ ಬರೀ ಹಲಸಿನ ಮರದ ವಾಸನೆಯಿದೆ.