ಹೀಟರ್ ಹಾಕಿದರೆ ಸಿಹಿ ವಾಸನೆ

ಪ್ರಶ್ನೆ: ಬೆಳಗ್ಗೆ ಕಾರಿನ ಹೀಟರ್ ಹಾಕಿದ ಕೂಡಲೇ ಬೆಲ್ಲದ ಪಾಕದಂಥ ವಾಸನೆ. ಮುಂದಿನ ಗಾಜಿನ ಒಳಗೆ ಜಿಡ್ಡು ಮಂಜು, ಒರೆಸಿದರೂ ಹೋಗಲ್ಲ. ಕ್ಯಾಬಿನ್ ಫಿಲ್ಟರ್ ಹೊಸದು. ಎಲ್ಲಿಂದ ಹುಡುಕಲಿ?

ಉತ್ತರ 1: ಫಿಲ್ಟರ್ ಬಿಡಿ ಸಾರ್, ಅದು ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ವಾಸನೆ. ಬಹುತೇಕ ಹೀಟರ್ ಕೋರ್ (ಡ್ಯಾಶ್‌ಬೋರ್ಡ್ ಒಳಗೆ ಬಿಸಿ ಕೂಲಂಟ್ ಹರಿಯುವ ಸಣ್ಣ ರೇಡಿಯೇಟರ್) ಸೋರುತ್ತಿದೆ. ಮುಂದಿನ ಮ್ಯಾಟ್ ಎತ್ತಿ ಕಾರ್ಪೆಟ್ಟಿಗೆ ಬಿಳಿ ಟಿಶ್ಯೂ ಒತ್ತಿ. ಹಸಿರೋ ಕೆಂಪೋ ಬಣ್ಣದ ಜಿಡ್ಡು ಹತ್ತಿದರೆ ಕೂಲಂಟ್. ಬರೀ ನೀರಾದರೆ ಎಸಿ ಡ್ರೈನ್ ಪೈಪ್ ಕಟ್ಟಿಕೊಂಡಿರಬಹುದು. ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯ ಮಟ್ಟಕ್ಕೆ ಗುರುತು ಹಾಕಿ, ವಾರ ಬಿಟ್ಟು ನೋಡಿ. ಬಿಸಿಯಲ್ಲಿ ಮುಚ್ಚಳ ಮುಟ್ಟಲೇಬೇಡಿ.

ಉತ್ತರ 2: ಡ್ಯಾಶ್‌ಬೋರ್ಡ್ ಬಿಚ್ಚಿಸುವ ಮೊದಲು ಹೀಟರ್ ಪೈಪ್ ಬಿಗಿಯುವ ಪಟ್ಟಿ (ಹೋಸ್ ಕ್ಲ್ಯಾಂಪ್) ನೋಡಿ, ಅಲ್ಲಿ ಒಣಗಿದ ಬಿಳಿ ಪುಡಿ ಕಂಡರೆ ಸೋರಿಕೆ ಅಲ್ಲೇ. ಇಲ್ಲದಿದ್ದರೆ ಪ್ರೆಷರ್ ಟೆಸ್ಟ್: ಕೂಲಂಟ್ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡಿ, ಮೀಟರ್ ಮುಳ್ಳು ಇಳಿಯಬಾರದು. ಸ್ಟಾಪ್‌ಲೀಕ್ (ಸೋರಿಕೆ ಮುಚ್ಚುವ ದ್ರವ) ಸುರಿಯುವುದು ಬೇಡವೇ ಬೇಡ, ಕೋರ್‌ನ ಸಣ್ಣ ನಾಳಗಳೇ ಮುಚ್ಚಿಹೋಗುತ್ತವೆ. ಕೋರ್ ಜೊತೆ ಓ-ರಿಂಗೂ (ಜೋಡಣೆಯ ರಬ್ಬರ್ ಉಂಗುರ) ಹೊಸದು ಹಾಕಿಸಿ. ಹೊಸ ಕೂಲಂಟ್ ಕಾನ್ಸಂಟ್ರೇಟ್ (ಗಟ್ಟಿ) ಆದರೆ ಡಿಸ್ಟಿಲ್ಡ್ ವಾಟರ್ ಜೊತೆ 50:50. ಮೊದಲೇ ನೀರು ಬೆರೆಸಿದ ಪ್ರೀಮಿಕ್ಸ್‌ಗೆ ಮತ್ತೆ ನೀರು ಸೇರಿಸಬೇಡಿ. ಕೊನೆಗೆ ಹೀಟರ್ ಫುಲ್ ಬಿಸಿಗಿಟ್ಟು ಕೂಲಂಟ್ ಪೈಪಿನೊಳಗಿನ ಗಾಳಿ ತೆಗೆಸಿ.

ಉತ್ತರ 3: ಚೆಲ್ಲಿದ ಕೂಲಂಟ್ ಬೇಗ ಒರೆಸಿ, ಸಿಹಿ ಅಂತ ನಾಯಿ ನೆಕ್ಕುತ್ತೆ, ವಿಷ. ಕಾರ್ಪೆಟ್ ಅಡಿಯ ಫೋಮ್ ತೊಳೆಯದಿದ್ದರೆ ಕೋರ್ ಬದಲಿಸಿದ ಮೇಲೂ ವಾಸನೆ ಉಳಿಯುತ್ತೆ. ಗ್ಯಾರೇಜಿನವರು ಮರೆಯೋದು ಇದನ್ನೇ.