ಬಕೆಟ್ ಸೈಕ್ಲೋನ್ ಕಟ್ಟಿದರೂ ಧೂಳೆಲ್ಲ ಫಿಲ್ಟರಿಗೇ ಹೋಗುತ್ತಿದೆ, ಸಹಾಯ ಮಾಡಿ

ಉಳಿಹಿಡಿ: ಮರಗೆಲಸದ ಯಂತ್ರಗಳ ಧೂಳು ವ್ಯಾಕ್ಯೂಮ್ ಕ್ಲೀನರಿನ ಫಿಲ್ಟರ್ ತಲುಪುವ ಮೊದಲೇ ಬಕೆಟ್ಟಿನಲ್ಲಿ ಬೀಳಲೆಂದು ಇದನ್ನು ಕಟ್ಟಿದೆ; ಮೂರು ಭಾನುವಾರ ಇದಕ್ಕೇ ಹೋಯಿತು. 20 ಲೀಟರ್ ಬಕೆಟ್ಟಿನ ಮುಚ್ಚಳಕ್ಕೆ ಎರಡು ಪಿವಿಸಿ ಪೈಪು ಕೂರಿಸಿದ್ದೇನೆ, ಒಂದು ಯಂತ್ರದ ಕಡೆಗೆ, ಇನ್ನೊಂದು ವ್ಯಾಕ್ಯೂಮ್ ಕ್ಲೀನರಿಗೆ. ತಳದಲ್ಲಿ ಒಂದು ಹಿಡಿ ಹುಡಿ ಬಿದ್ದರೆ ಹೆಚ್ಚು. ಹತ್ತು ನಿಮಿಷಕ್ಕೆ ಫಿಲ್ಟರ್ ಕಟ್ಟಿಕೊಂಡು ಎಳೆತವೇ ನಿಂತುಹೋಗುತ್ತದೆ. ಅಳತೆ ಎಲ್ಲ ಸರಿಯಾಗಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಗರಗಸ: ಸೋರಿಕೆ, ಬೇರೇನೂ ಅಲ್ಲ. ಬಕೆಟ್ಟಿನೊಳಗೆ ಒತ್ತಡ ಕಡಿಮೆ. ಕೂದಲೆಳೆಯಷ್ಟು ಸಂದಿ ಇದ್ದರೂ ಗಾಳಿ ಒಳನುಗ್ಗಿ, ಕೆಳಗಿಳಿದ ಹುಡಿಯನ್ನು ಮತ್ತೆ ಎಬ್ಬಿಸುತ್ತದೆ. ಸಿಲಿಕೋನ್ ಹಚ್ಚಿ.

ಉಳಿಹಿಡಿ: ಹಚ್ಚಿ ಒಂದು ದಿನ ಒಣಗಲು ಬಿಟ್ಟೆ. ಏನೂ ವ್ಯತ್ಯಾಸವಿಲ್ಲ.

ಗರಗಸ: ಪೈಪಿನ ಬುಡಕ್ಕೂ ಹಚ್ಚಿದಿರಾ? ಕೊಳವೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ ನೋಡಿ. ಬಕೆಟ್ ಸ್ವಲ್ಪವೂ ಒಳಕ್ಕೆ ಬಾಗದಿದ್ದರೆ ಸೋರಿಕೆ ಇದೆ.

ಉಳಿಹಿಡಿ: ಬಾಗುವುದೇನು, ಬಕೆಟ್ ನಜ್ಜುಗುಜ್ಜಾಗಿ ಸೀಳಿತು! ಈಗಲಾದರೂ ಸೋರಿಕೆಯ ಮಾತು ಬಿಡುತ್ತೀರಾ?

ತೇಗ: ಪಿವಿಸಿ ಅಲ್ಲವೇ? ಸ್ಥಿರವಿದ್ಯುತ್ತಿನ ಕಾಟ. ಪೈಪಿಗೆ ತಾಮ್ರದ ತಂತಿ ಸುತ್ತಿ ಅರ್ಥಿಂಗ್ ಕೊಡಿ.

ನಾಲ್ಕಿಂಚು: ಪಿವಿಸಿಯಲ್ಲಿ ವಿದ್ಯುತ್ ಹರಿಯುವುದೇ ಇಲ್ಲ. ತಂತಿ ತಾಗಿದ ಜಾಗ ಬಿಟ್ಟರೆ ಉಳಿದ ಪೈಪಿಗೆ ಅದರಿಂದ ಏನೂ ಆಗದು.

ತೇಗ: ತಂತಿ ಸುತ್ತಿದ ಮೇಲೆ ನನಗೆ ಒಮ್ಮೆಯೂ ಶಾಕ್ ಹೊಡೆದಿಲ್ಲ.

ನಾಲ್ಕಿಂಚು: ಇವರು ಶಾಕ್ ಹೊಡೆಯಿತೆಂದು ಹೇಳಿದ್ದಾರೆಯೇ? ಬಕೆಟ್ ಬಿಡಿ, ತಗಡಿನ ಶಂಕು ಮಾಡಿಕೊಳ್ಳಿ. ನಾನೇ ಬೆಸೆದದ್ದು ಎದೆಯೆತ್ತರ ಇದೆ; ಮೂರು ಯಂತ್ರಕ್ಕೂ 4 ಇಂಚಿನ ಕೊಳವೆ, ಒಂದೊಂದಕ್ಕೂ ಜಾರುವ ಗೇಟು.

ಗೊರಡು: ಉಳಿಹಿಡಿಯವರೇ, ಮುಚ್ಚಳದ ಕೆಳಗೆ ಪೈಪುಗಳು ಹೇಗಿವೆ?

ಉಳಿಹಿಡಿ: ಎರಡೂ ನೇರ ಕೆಳಮುಖ, ಒಂದೊಂದು ಇಂಚು ಇಳಿದಿವೆ. ಹಾಗೇ ತಾನೇ ಇರಬೇಕಾದದ್ದು?

ಗೊರಡು: ಅಲ್ಲ. ಹಾಗಿದ್ದರೆ ಗಾಳಿ ಸುತ್ತುವುದೇ ಇಲ್ಲ. ಸುತ್ತಿದಾಗಲೇ ಭಾರದ ಕಣ ಗೋಡೆಗೆ ಸರಿದು, ವೇಗ ಕಳೆದುಕೊಂಡು ಕೆಳಗಿಳಿಯುವುದು. ಒಳಬರುವ ಪೈಪಿಗೆ ಎಲ್ಬೋ (ಮೊಣಕೈಯಂತೆ ಬಾಗಿದ ಪೈಪು ತುಂಡು) ಹಾಕಿ ಬಾಯಿಯನ್ನು ಗೋಡೆಯ ಗುಂಟ ತಿರುಗಿಸಿ. ಹೊರಹೋಗುವ ಪೈಪು ನಟ್ಟನಡುವೆ ಇರಲಿ, ಅದರ ತುದಿ ಎಲ್ಬೋಗಿಂತ ಕೆಳಗಿರಲಿ. ಇಲ್ಲದಿದ್ದರೆ ಬಂದ ಧೂಳು ಅಡ್ಡದಾರಿಯಲ್ಲಿ ಹೊರಟುಹೋಗುತ್ತದೆ. ಬಕೆಟ್ ಅರ್ಧ ತುಂಬುವ ಮೊದಲೇ ಖಾಲಿ ಮಾಡಿ.

ಗರಗಸ: ಅದೂ ಇರಬಹುದು. ಆದರೆ ಸೀಳಿದ ಬಕೆಟ್ಟಿನಲ್ಲಿ ಈಗ ಸೋರಿಕೆ ಖಂಡಿತ ಇದೆ.

ಉಳಿಹಿಡಿ: ದಪ್ಪ ಬಕೆಟ್ ತಂದು ಗೊರಡು ಅವರು ಹೇಳಿದಂತೆಯೇ ಮಾಡಿದೆ. ಗರಗಸದ ಹುಡಿ, ಹೆರೆದ ಸಿಪ್ಪೆ ಎಲ್ಲ ಬಕೆಟ್ಟಿಗೇ ಬೀಳುತ್ತಿದೆ! ತುಂಬಾ ಧನ್ಯವಾದ. ಎಂಡಿಎಫ್ (ಮರದ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಉಜ್ಜಿದಾಗ ಮಾತ್ರ ಫಿಲ್ಟರ್ ಮೊದಲಿನಂತೆಯೇ ಕಟ್ಟಿಕೊಳ್ಳುತ್ತಿದೆ, ನಾನು ಹೆಚ್ಚಾಗಿ ಬಳಸುವುದು ಅದನ್ನೇ.

ನಾಲ್ಕಿಂಚು: ಎಂಡಿಎಫ್ ಎಂದು ಮೊದಲೇ ಹೇಳಬೇಕಿತ್ತು. ಕೆಲವೇ ಮೈಕ್ರಾನ್ ಗಾತ್ರದ ಕಣ ಗಾಳಿಯ ಜೊತೆಗೇ ತಿರುಗಿ ಹೊರಟುಬಿಡುತ್ತದೆ, ಬಕೆಟ್ ಅದನ್ನು ಹಿಡಿಯಲಾರದು. ವ್ಯಾಕ್ಯೂಮಿಗೆ ಅತಿಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಹಾಕಿ, ಮಾಸ್ಕ್ ಧರಿಸಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಾದ ಐಎಆರ್‌ಸಿ 1995ರ ವರದಿಯಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ (ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವು) ಇಟ್ಟಿದೆ.

ತೇಗ: ತಂತಿ ಸುತ್ತಿ ನೋಡಿದಿರಾ?