ಜ್ಞಾನೋಕ್ತಿಗಳ 26ನೆಯ ಅಧ್ಯಾಯ ಮತ್ತು ನಮ್ಮ ಮನೆಯ ಜಗಳ: ಅಣ್ಣನಿಗೆ ಉತ್ತರ ಕೊಡಬೇಕೇ, ಸುಮ್ಮನಿರಬೇಕೇ?

ಪ್ರಶ್ನೆ: ಮಂಜೇಶ್ವರದ ಓದುಗ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಸಮೀಪದ ಹಳ್ಳಿ. ಮನೆಯಲ್ಲಿ ಮಾತು ತುಳುವಾದರೂ ಸಂಜೆಯ ಪ್ರಾರ್ಥನೆಯಲ್ಲಿ ಅಜ್ಜನ ಕಾಲದಿಂದಲೂ ಓದುವುದು ಕನ್ನಡ ಬೈಬಲನ್ನೇ. ಕಳೆದ ವಾರ ಓದಿನ ಸರದಿ ಜ್ಞಾನೋಕ್ತಿಗಳ 26ನೆಯ ಅಧ್ಯಾಯಕ್ಕೆ ಬಂದಿತು. ಅದರ ಮೊದಲ ಭಾಗ ಮೂಢನನ್ನು ಕುರಿತದ್ದು, 13ರಿಂದ 16ರವರೆಗೆ ಸೋಮಾರಿಯ ಮಾತು, ಅನಂತರ ಜಗಳ ಮತ್ತು ಚಾಡಿ. ಓದುತ್ತಿದ್ದವನು ನಾನು, ಎದುರಿಗೆ ಕುಳಿತಿದ್ದವನು ಅಣ್ಣ. ಒಂದೊಂದು ವಚನವೂ ಅವನನ್ನು ನೋಡಿಯೇ ಬರೆದದ್ದೆಂದು ನನಗೆ ಅನ್ನಿಸಿತು. ಆ ಭಾವನೆ ನನ್ನ ದನಿಯಲ್ಲಿಯೂ ಕೇಳಿಸಿರಬೇಕು. ಓದು ಮುಗಿಯುವ ಮೊದಲೇ ಅವನು ಎದ್ದುಹೋದ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ.

ತಂದೆಯವರು ತೀರಿಕೊಂಡು ಎರಡು ವರ್ಷಗಳಾದವು. ಒಂದೂವರೆ ಎಕರೆ ಅಡಿಕೆ ತೋಟವನ್ನು ಅಣ್ಣ ನೋಡಿಕೊಳ್ಳುತ್ತಾನೆ. ನಾನು ದಿನಾಲೂ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ ಮತ್ತು ತೋಟದ ಖರ್ಚಿಗೆ ಹಣ ಕೊಡುತ್ತೇನೆ. ಕಳೆದ ವರ್ಷ ಅವನು ಇಂದು ಮಳೆ ಬರುವ ಹಾಗಿದೆ, ನಾಳೆ ಆಳು ಇಲ್ಲ ಎನ್ನುತ್ತ ಮದ್ದು ಬಿಡಿಸುವುದನ್ನು ಮುಂದೂಡಿದ. ಕೊನೆಗೆ ಮಳೆಗಾಲವೇ ಬಂದು, ಕೊಳೆರೋಗಕ್ಕೆ ಅರ್ಧ ಫಸಲು ಉದುರಿಹೋಯಿತು. ತಂದೆಯವರ ಹೆಸರಿನಲ್ಲಿಯೇ ಇರುವ ಜಾಗದ ಹೆಸರು ಬದಲಾವಣೆಗಾಗಿ ವಿಲ್ಲೇಜ್ ಆಫೀಸಿಗೆ ಹೋಗು ಎಂದರೆ ಎರಡು ವರ್ಷಗಳಿಂದಲೂ ಸಿಗುವ ಉತ್ತರ ‘ನಾಳೆ’. ಈಗ ಮೇ ತಿಂಗಳು ಅರ್ಧ ಕಳೆದಿದೆ, ಮದ್ದಿನ ಸುದ್ದಿಯೇ ಇಲ್ಲ. ಕೇಳಿದರೆ ಜಗಳವಾಗುತ್ತದೆ, ಜಗಳ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಅಲ್ಲಿ ಚಿಕ್ಕಪ್ಪಂದಿರು, ಅತ್ತೆಯಂದಿರು ಎರಡು ಪಕ್ಷವಾಗುತ್ತಾರೆ.

ನನ್ನ ಪ್ರಶ್ನೆಗಳು ಎರಡು. ನಾಲ್ಕನೆಯ ವಚನ ಮೂಢನ ಮೂರ್ಖತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ, ಐದನೆಯದು ಕೊಡು ಎನ್ನುತ್ತದೆ. ಇವುಗಳಲ್ಲಿ ನಾನು ಯಾವುದನ್ನು ಹಿಡಿಯಬೇಕು? ಸಹೋದರನನ್ನು ಮೂರ್ಖನೆಂದು ಕರೆಯಬಾರದೆಂದು ಮತ್ತಾಯ 5:22ರಲ್ಲಿ ಕರ್ತನಾದ ಯೇಸುವೇ ಎಚ್ಚರಿಸಿರುವಾಗ, ಈ ಅಧ್ಯಾಯವನ್ನು ಮನೆಯ ಬದುಕಿಗೆ ಅನ್ವಯಿಸುವುದಾದರೂ ಹೇಗೆ?

ಉತ್ತರ 1: ನಿವೃತ್ತ ಉಪದೇಶಿ, ಕಾಸರಗೋಡು

ತಮ್ಮಾ, ಮೊದಲನೆಯ ಪ್ರಶ್ನೆ ಬಹಳ ಹಳೆಯದು. ಈ ಎರಡು ವಚನಗಳು ಒಂದನ್ನೊಂದು ಅಲ್ಲಗಳೆಯುವಂತೆ ಕಾಣುವುದರಿಂದ ಇಡೀ ಗ್ರಂಥವನ್ನೇ ಬಳಕೆಯಿಂದ ತೆಗೆದಿಡಲು ಹಿಂದಿನ ಯೆಹೂದಿ ಪಂಡಿತರು ಯೋಚಿಸಿದ್ದರೆಂದು ಅವರ ಪ್ರಾಚೀನ ಧರ್ಮಗ್ರಂಥವಾದ ತಾಲ್ಮೂದಿನಲ್ಲಿ ಹೇಳಿದೆ. ಒಂದು ಧರ್ಮಶಾಸ್ತ್ರದ ವಿಷಯಕ್ಕೆ, ಇನ್ನೊಂದು ಲೋಕವ್ಯವಹಾರಕ್ಕೆ ಎಂದು ಅವರು ಸಮಾಧಾನ ಕಂಡುಕೊಂಡರು. ನನಗೆ ಇದಕ್ಕಿಂತ ಹತ್ತಿರದ ದಾರಿ ಆ ವಚನಗಳಲ್ಲಿಯೇ ಕಾಣುತ್ತದೆ. ಎರಡಕ್ಕೂ ಕಾರಣ ಕೊಟ್ಟಿದೆ. ಉತ್ತರ ಕೊಟ್ಟರೆ ನೀನೂ ಅವನಂತೆಯೇ ಆಗುವೆ ಎಂಬ ಭಯವಿದ್ದಲ್ಲಿ ಸುಮ್ಮನಿರು. ಉತ್ತರ ಕೊಡದಿದ್ದರೆ ಅವನು ತನ್ನ ದೃಷ್ಟಿಯಲ್ಲಿ ತಾನೇ ಜ್ಞಾನಿಯಾಗಿ ಉಳಿಯುವನೆಂಬ ಭಯವಿದ್ದಲ್ಲಿ ಮಾತನಾಡು. ಮೊದಲನೆಯದರಲ್ಲಿ ಪರೀಕ್ಷೆಗೊಳಗಾಗುವುದು ನಿನ್ನ ಮನಸ್ಸು, ಎರಡನೆಯದರಲ್ಲಿ ಅವನ ಒಳಿತು. ಹಾಗಾಗಿ ಬಾಯಿ ತೆರೆಯುವ ಮೊದಲು ತನ್ನೊಳಗೆ ಕೋಪ ಎಷ್ಟಿದೆಯೆಂದು ನೋಡಿಕೊಳ್ಳದೆ ಎರಡರಲ್ಲಿ ಒಂದನ್ನು ಆರಿಸುವುದು ಯಾರಿಗೂ ಸಾಧ್ಯವಿಲ್ಲ.

ಇಲ್ಲಿ ‘ಮೂಢ’ ಎಂದು ಅನುವಾದಗೊಂಡಿರುವ ಹೀಬ್ರೂ ಪದ ‘ಕೆಸೀಲ್’. ಬುದ್ಧಿ ಕಡಿಮೆಯಿರುವವನು ಎಂಬುದು ಅದರ ಅರ್ಥವಲ್ಲ. ತಿದ್ದಿಕೊಳ್ಳಲು ಒಪ್ಪದವನು ಎಂಬ ಅರ್ಥ ಅದರಲ್ಲಿದೆ. ಹನ್ನೆರಡನೆಯ ವಚನಕ್ಕೆ ಬಂದಾಗ, ತನ್ನನ್ನು ತಾನೇ ಜ್ಞಾನಿಯೆಂದು ಎಣಿಸಿಕೊಂಡವನಿಗಿಂತ ಮೂಢನ ವಿಷಯದಲ್ಲಿಯೇ ಹೆಚ್ಚು ನಿರೀಕ್ಷೆಯಿದೆ ಎಂದು ಓದುಗನೇ ಬೆಚ್ಚಿಬೀಳುವಂತೆ ಹೇಳಿದೆ. ಹದಿನಾರನೆಯ ವಚನದ ಸೋಮಾರಿಯೂ ವಿವೇಕದಿಂದ ಉತ್ತರಿಸಬಲ್ಲ ಏಳು ಮಂದಿಗಿಂತ ತಾನೇ ಜಾಣನೆಂದು ತಿಳಿದುಕೊಂಡವನು. ಈ ಅಧ್ಯಾಯದಲ್ಲಿ ಮೂಢನನ್ನೂ ಸೋಮಾರಿಯನ್ನೂ ಕಟ್ಟಿಹಾಕಿರುವ ಹಗ್ಗ ಇದೇ. ಎದುರಿನವನನ್ನು ಅಳೆಯಲು ಹೊರಟ ಓದುಗನ ಕೊರಳಿಗೂ ಅದು ಬೀಳುತ್ತದೆ.

ಕಠಿಣವೆನಿಸಿದರೂ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಒಂಬತ್ತನೆಯ ವಚನವನ್ನು ಮತ್ತೊಮ್ಮೆ ಓದಿ. ಮೂಢರ ಬಾಯಲ್ಲಿ ಜ್ಞಾನೋಕ್ತಿಯು ಕುಡುಕನ ಕೈಯಲ್ಲಿರುವ ಮುಳ್ಳಿನ ಹಾಗೆ ಎಂದು ಅಲ್ಲಿದೆ. ಒಳ್ಳೆಯ ಮಾತೇ ಆದರೂ ಹಿಡಿದ ರೀತಿ ತಪ್ಪಿದರೆ ಹಿಡಿದವನಿಗೂ ಪಕ್ಕದವನಿಗೂ ಗಾಯವಾಗುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ, ಮನೆಯವರ ಎದುರಿಗೆ, ಅಣ್ಣನಿಗೆ ತಾಗುವಂತೆ ಓದಿದ್ದು ಅಂಥ ಮುಳ್ಳು. ನಿನ್ನ ಸಹೋದರ ತಪ್ಪು ಮಾಡಿದರೆ ನೀವಿಬ್ಬರೇ ಇರುವಾಗ ಹೋಗಿ ತಿಳಿಸು ಎಂದು ಮತ್ತಾಯ 18:15ರಲ್ಲಿದೆ. ನೆರೆಯವನೊಡನೆ ವ್ಯಾಜ್ಯವಿದ್ದರೆ ಅವನೊಂದಿಗೇ ಚರ್ಚಿಸು, ಗುಟ್ಟನ್ನು ಬಯಲು ಮಾಡಬೇಡ ಎಂದು ಜ್ಞಾನೋಕ್ತಿ 25:9ರಲ್ಲಿಯೂ ಇದೆ. ಇನ್ನು ಮತ್ತಾಯ 5:22ರ ಬಗ್ಗೆ ಹೇಳುವುದಾದರೆ, ಕರ್ತನು ಅಲ್ಲಿ ಸಹೋದರನ ಮೇಲಿನ ಕೋಪದಿಂದಲೇ ಮಾತನ್ನು ಆರಂಭಿಸುತ್ತಾನೆ. ಅದೇ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಫರಿಸಾಯರೆಂಬ ಯೆಹೂದಿ ಪಂಥದವರನ್ನು ಮೂಢರೆಂದು ಕರೆದವನೂ ಅವನೇ. ಆದ್ದರಿಂದ ತಡೆ ಇರುವುದು ಒಂದು ಶಬ್ದಕ್ಕಿಂತ ಹೆಚ್ಚಾಗಿ, ಸಹೋದರನನ್ನು ಮನಸ್ಸಿನಲ್ಲಿಯೇ ತಳ್ಳಿಹಾಕುವ ತಿರಸ್ಕಾರಕ್ಕೆ.

ಉತ್ತರ 2: ಅಡಿಕೆ ಕೃಷಿಕ, ಕುಂಬ್ಡಾಜೆ

ನಾನು ಕ್ರೈಸ್ತನಲ್ಲ. ಆದರೆ ಗೋವಿಂದ ಪೈಗಳು ಕ್ರಿಸ್ತನ ಕಡೆಯ ದಿನವನ್ನು ಕನ್ನಡದಲ್ಲಿ ಖಂಡಕಾವ್ಯವಾಗಿಸಿದ ನೆಲದವರು ನಾವು. ಇದನ್ನು ಹೊರಗಿನ ಗ್ರಂಥವೆಂದು ನಾನು ಎಣಿಸುವುದಿಲ್ಲ. ನಿಮ್ಮ ಪ್ರಶ್ನೆಯನ್ನು ನೋಡಿದ ಮೇಲೆ ಸ್ನೇಹಿತರಿಂದ ಬೈಬಲನ್ನು ತರಿಸಿಕೊಂಡು ಆ ಅಧ್ಯಾಯವನ್ನು ಎರಡು ಸಲ ಓದಿದೆ.

ದಾರಿಯಲ್ಲಿ ಸಿಂಹವಿದೆ ಎಂದು ಸೋಮಾರಿ ಹೇಳುವ ಮಾತು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಆ ಕಾಲದಲ್ಲಿ ಆ ನಾಡಿನ ಕಾಡುಗಳಲ್ಲಿ ಸಿಂಹಗಳು ನಿಜವಾಗಿಯೂ ಇದ್ದವು. ಹಾಗಾಗಿ ಅವನ ಮಾತು ಪೂರ್ತಿ ಸುಳ್ಳಲ್ಲ. ನಡೆಯಬಹುದಾದ ಒಂದು ಸಂಗತಿಯನ್ನು ನಡೆದೇ ತೀರುವುದೆಂದು ಹೇಳಿ ಅವನು ಮನೆಯಲ್ಲಿ ಉಳಿಯುತ್ತಾನೆ. ಮೇ ತಿಂಗಳಲ್ಲಿ ನಾವು ಹೇಳುವ ‘ಮಳೆ ಬರುವ ಹಾಗಿದೆ’ ಎಂಬ ಮಾತೂ ಇದೇ ಜಾತಿಯದು. ಮೋಡ ಇರುತ್ತದೆ, ಒಮ್ಮೊಮ್ಮೆ ಮಳೆಯೂ ಬರುತ್ತದೆ. ಆದರೆ ಮಳೆಗಾಲ ಹಿಡಿಯುವ ಮುನ್ನ ಒಂದು ಸಲ, ಅನಂತರ 40–45 ದಿನಗಳಿಗೆ ಮತ್ತೊಂದು ಸಲ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಗೊನೆಗೆ ಬೀಳದಿದ್ದರೆ ಕೊಳೆರೋಗ ನಮ್ಮ ನೆಪಗಳನ್ನು ಕೇಳುತ್ತ ನಿಲ್ಲುವುದಿಲ್ಲ. ತಟ್ಟೆಯಲ್ಲಿ ಕೈ ಇಟ್ಟು ಬಾಯಿಗೆ ತರಲು ಬೇಸರಪಡುವವನ ಚಿತ್ರ 15ನೆಯ ವಚನದಲ್ಲಿದೆಯಲ್ಲ, ಅದನ್ನು ಓದಿದಾಗ ನನಗೆ ನೆನಪಾದದ್ದು ಮೈಲುತುತ್ತನ್ನೂ ಸುಣ್ಣವನ್ನೂ ತಂದು ಕೊಟ್ಟಿಗೆಯಲ್ಲಿಟ್ಟು ಹದಿನೈದು ದಿನ ಮುಟ್ಟದೇ ಇದ್ದ ನನ್ನದೇ ಒಂದು ವರ್ಷ. ಮನುಷ್ಯ ಕೆಲಸಕ್ಕೆ ಕೈಹಾಕಿದ ಮೇಲೂ ಸೋಮಾರಿಯಾಗಿರಬಲ್ಲ.

ಆದರೂ ಅಣ್ಣನನ್ನು ಸೋಮಾರಿಯೆಂದು ತೀರ್ಮಾನಿಸುವ ಮೊದಲು ಅವರ ಸಿಂಹ ಯಾವುದೆಂದು ಕೇಳಿ ನೋಡಿ. ನಮ್ಮ ತೋಟಕ್ಕೆ ಮದ್ದು ಬಿಡಲು ಬರುತ್ತಿದ್ದ ಹಿರಿಯರೊಬ್ಬರು ಒಂದು ವರ್ಷ ಇಂದು, ನಾಳೆ ಎಂದು ನಾಲ್ಕು ಸಲ ತಪ್ಪಿಸಿಕೊಂಡರು. ನಾಲ್ಕು ಜನರ ಎದುರಿನಲ್ಲಿ ನಾನು ಅವರಿಗೆ ಹೇಳಬಾರದ ಮಾತನ್ನು ಹೇಳಿದೆ. ಹಿಂದಿನ ವಾರ ಬೇರೊಂದು ತೋಟದಲ್ಲಿ ಅವರ ಕಾಲು ಜಾರಿ, ಮರದ ಅರ್ಧದಿಂದ ಹೇಗೋ ತಬ್ಬಿಕೊಂಡು ಇಳಿದಿದ್ದರೆಂದೂ, ಮರಕ್ಕೆ ಹೆದರುತ್ತೇನೆ ಎಂದು ಹೇಳಿಕೊಳ್ಳಲು ನಾಚಿ ಸುಮ್ಮನಿದ್ದರೆಂದೂ ನನಗೆ ತಿಳಿದದ್ದು ಆಮೇಲೆ. ಅವರು ಮತ್ತೆ ನಮ್ಮ ತೋಟಕ್ಕೆ ಬರಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಈಗ ನೆಲದಲ್ಲಿಯೇ ನಿಂತು ಫೈಬರಿನ ಉದ್ದನೆಯ ಕೋಲಾದ ದೋಟಿಯಿಂದ ಮದ್ದು ಬಿಡುವವರಿದ್ದಾರೆ. ಆಳಿನ ಕೊರತೆಯೇ ಕಾರಣವಾಗಿದ್ದರೆ ಅದಕ್ಕೆ ದಾರಿ ಇದೆ.

ಜಗಳದ ಬಗ್ಗೆ ಅದೇ ಗ್ರಂಥದ 17:14ನ್ನೂ ಓದಿ. ಜಗಳದ ಆರಂಭವು ನೀರಿಗೆ ಕಂಡಿ ಬಿಟ್ಟ ಹಾಗೆ, ಆದ್ದರಿಂದ ವ್ಯಾಜ್ಯ ಹೆಚ್ಚುವ ಮೊದಲೇ ಅದನ್ನು ಬಿಡು ಎಂದಿದೆ. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು, ಮಣ್ಣುಗಳಿಂದ ಕಟ್ಟ ಕಟ್ಟುತ್ತೇವೆ. ಕಟ್ಟ ಒಡೆಯುವುದು ಮೇಲಿನಿಂದ ಅಲ್ಲ. ಕೆಳಗಡೆ ಏಡಿ ಕೊರೆದಷ್ಟು ದೊಡ್ಡ ತೂತಿನಲ್ಲಿ ಮೊದಲು ನೀರು ಜಿನುಗುತ್ತದೆ. ಆಗ ಒಂದು ಹಿಡಿ ಮಣ್ಣು ಸಾಕು, ಒಂದು ರಾತ್ರಿ ಕಳೆದರೆ ಹತ್ತು ಆಳುಗಳೂ ಸಾಲರು. ನಿಮ್ಮ ಮನೆಯ ತೂತು ಪ್ರಾರ್ಥನೆಯ ಸಂಜೆಯದ್ದು. ಅದಕ್ಕೆ ಆಗಲೇ ಒಂದು ವಾರವಾಗಿದೆ.

ಉತ್ತರ 3: ಕುಂಬಳೆಯ ಗೃಹಿಣಿ

ವಾಟ್ಸಾಪ್ ಗುಂಪಿನ ಬಗ್ಗೆ ಯಾರೂ ಹೇಳದಿರುವುದರಿಂದ ಬರೆಯುತ್ತಿದ್ದೇನೆ. ಕಟ್ಟಿಗೆಯಿಲ್ಲದಿದ್ದರೆ ಬೆಂಕಿ ಆರುವುದು, ಚಾಡಿಕೋರನಿಲ್ಲದಿದ್ದರೆ ಜಗಳ ಶಮನವಾಗುವುದು ಎಂಬ 20ನೆಯ ವಚನವನ್ನು ನಾನು ಬಚ್ಚಲ ಒಲೆಯ ಮುಂದೆ ಕಲಿತೆ. ಒಲೆಯನ್ನು ಆರಿಸಲು ನಾವು ನೀರು ಹೊಯ್ಯುವುದಿಲ್ಲ. ಹೊಯ್ದರೆ ಹೊಗೆ, ಬೂದಿ ಎಲ್ಲ ಮುಖಕ್ಕೆ ಬರುತ್ತವೆ. ಕೊಳ್ಳಿಯನ್ನು ಹಿಂದಕ್ಕೆ ಎಳೆದರೆ ಸಾಕು. ಎರಡು ತೆಂಗಿನ ಗೆರಟೆ ಹೆಚ್ಚಿಗೆ ಹಾಕಿದರೆ ಮಾತ್ರ ಒಂದು ಗಂಟೆಗೂ ಆರುವುದಿಲ್ಲ.

ನಮ್ಮ ಮನೆಯಲ್ಲಿ ನಾದಿನಿಯರಿಬ್ಬರ ಮನಸ್ತಾಪಕ್ಕೆ ಗೆರಟೆ ಹಾಕಿದವಳು ನಾನೇ ಎಂದು ಒಪ್ಪಿಕೊಳ್ಳುತ್ತೇನೆ. ಒಬ್ಬಳು ಬೇಸರದಲ್ಲಿ ಕಳುಹಿಸಿದ ಧ್ವನಿಸಂದೇಶವನ್ನು ‘ನೋಡು, ಹೀಗನ್ನುತ್ತಾಳೆ’ ಎಂದು ಇನ್ನೊಬ್ಬಳಿಗೆ ದಾಟಿಸಿದೆ. ಕೆಟ್ಟ ಉದ್ದೇಶ ನನ್ನಲ್ಲಿರಲಿಲ್ಲ. ಮನೆಯಲ್ಲಿ ಎಲ್ಲವೂ ನನಗೆ ಗೊತ್ತಿರಬೇಕೆಂಬ ಹಂಬಲವಿತ್ತು. ಅವರಿಬ್ಬರು ಮುಖ ನೋಡಿ ಮಾತನಾಡಲು ಒಂದು ವರ್ಷ ಬೇಕಾಯಿತು, ಆ ವರ್ಷದ ಮದುವೆಯೊಂದಕ್ಕೆ ಒಬ್ಬಳು ಬರಲೇ ಇಲ್ಲ. ನಿಮ್ಮ ಚಿಕ್ಕಪ್ಪಂದಿರು, ಅತ್ತೆಯಂದಿರು ಕೆಟ್ಟವರಲ್ಲ. ಆದರೆ ತನ್ನದಲ್ಲದ ಜಗಳದಲ್ಲಿ ಕೈಹಾಕುವವನನ್ನು ದಾರಿಯಲ್ಲಿ ಹೋಗುವ ನಾಯಿಯ ಕಿವಿ ಹಿಡಿದವನಿಗೆ 17ನೆಯ ವಚನ ಹೋಲಿಸಿದೆ. ಹಿಡಿದರೆ ಕಷ್ಟ, ಬಿಟ್ಟರೆ ಕಚ್ಚುತ್ತದೆ. ಅವರಿಂದ ಆ ಕಿವಿಯನ್ನು ಬಿಡಿಸುವ ಕೆಲಸ ನಿಮ್ಮದು. ಇದು ನಾವಿಬ್ಬರು ಮಾತನಾಡಿಕೊಳ್ಳುವ ವಿಷಯ, ಗುಂಪಿನಲ್ಲಿ ನಾನು ಬರೆದದ್ದು ತಪ್ಪಾಯಿತು ಎಂದು ಅಲ್ಲಿಯೇ ಬರೆಯಿರಿ. ಅಣ್ಣನೂ ಅದನ್ನು ಓದುತ್ತಾರೆ.

ಉತ್ತರ 4: ಹೊಸಂಗಡಿಯ ಓದುಗಿ

ಮೇಲಿನವರ ಮಾತುಗಳು ಒಳ್ಳೆಯವು. ಆದರೆ ಸುಮ್ಮನಿರುವುದಕ್ಕೆ ಅವುಗಳಲ್ಲಿ ಸಿಕ್ಕಿರುವ ತೂಕ ನನಗೆ ಸ್ವಲ್ಪ ಹೆಚ್ಚೆನಿಸುತ್ತದೆ. ಮುಚ್ಚಿಟ್ಟ ಪ್ರೀತಿಗಿಂತ ಬಹಿರಂಗವಾದ ಗದರಿಕೆ ಲೇಸು ಎಂದು ಮುಂದಿನ ಅಧ್ಯಾಯದಲ್ಲಿಯೇ ಇದೆ. ಜಾಗದ ಹೆಸರು ಬದಲಾವಣೆಯನ್ನು ಶಾಂತಿಯ ಹೆಸರಿನಲ್ಲಿ ಇನ್ನೂ ಮುಂದೂಡಬೇಡಿ. ತಂದೆಯವರು ವಿಲ್ ಬರೆದಿಡದಿದ್ದರೆ ನಿಮಗೆ ಅನ್ವಯವಾಗುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರ ಪ್ರಕಾರ ಮೂರರಲ್ಲಿ ಒಂದು ಪಾಲು ತಾಯಿಗೆ, ಉಳಿದ ಎರಡು ಪಾಲು ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೆ ಸಮಾನವಾಗಿ. ನಿಮ್ಮ ಇಡೀ ಪ್ರಶ್ನೆಯಲ್ಲಿ ತಾಯಿಯ ಪಾಲಿನ ಸುದ್ದಿಯೇ ಇಲ್ಲ. ಸಹೋದರಿಯರು ಇದ್ದಾರೆಯೇ ಎಂಬುದೂ ತಿಳಿಯುವುದಿಲ್ಲ. ಮೊದಲು ವಾದಿಸಿದವನು ನ್ಯಾಯವಂತನಂತೆ ಕಾಣುತ್ತಾನೆ, ಪ್ರತಿವಾದಿ ಬಂದು ಪರೀಕ್ಷಿಸುವ ತನಕ ಎಂದು ಜ್ಞಾನೋಕ್ತಿ 18:17 ಹೇಳುತ್ತದೆ. ನಾವು ಇಲ್ಲಿ ಕೇಳಿರುವುದು ನಿಮ್ಮ ವಾದವನ್ನು ಮಾತ್ರ.

ಮಂಜೇಶ್ವರದ ಓದುಗನ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ಉಪದೇಶಿಗಳು ತೋರಿಸಿದ ಒಂಬತ್ತನೆಯ ವಚನವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕ್ಕ ಇದ್ದಾಳೆ, ಮದುವೆಯಾಗಿ ಉಡುಪಿಯಲ್ಲಿದ್ದಾಳೆ. ಅವಳನ್ನು ಲೆಕ್ಕಕ್ಕೇ ತಂದುಕೊಳ್ಳದಿದ್ದದ್ದು ಅಣ್ಣನ ತಪ್ಪಲ್ಲ, ನನ್ನದು. ಗುಂಪಿನಲ್ಲಿ ನಾಲ್ಕು ಸಾಲಿನ ಕ್ಷಮೆ ಬರೆದೆ. ಮರುದಿನ ರೈಲು ತಪ್ಪಿಸಿ, ತೋಟದಲ್ಲಿ ನೀರು ಹರಿಯುವ ಕಣಿ ಬಿಡಿಸುತ್ತಿದ್ದ ಅಣ್ಣನ ಬಳಿಗೆ ಹೋಗಿ ನಾನೂ ಹಾರೆ ಹಿಡಿದೆ. ಬಹಳ ಹೊತ್ತು ಅವನು ಏನೂ ಮಾತನಾಡಲಿಲ್ಲ.

ಅನಂತರ ಅವನು ಹೇಳಿದ ಮಾತು ಇದು. ಹೆಸರು ಬದಲಾವಣೆಗೆಂದು ಅವನು ಎರಡು ವರ್ಷಗಳ ಹಿಂದೆಯೇ ಕಚೇರಿಗೆ ಹೋಗಿದ್ದ. ಕೈಗೆ ಕೊಟ್ಟ ಅರ್ಜಿ ಮಲಯಾಳದಲ್ಲಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದ ಅವನಿಗೆ ಮಲಯಾಳ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಇದನ್ನು ಓದಿ ಹೇಳಿ ಎಂದು ಸಾಲಿನಲ್ಲಿ ನಿಂತವರ ಎದುರು ಕೇಳಲಾರದೆ ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದಿದ್ದ. ಆ ಕಾಗದ ಈಗಲೂ ಅವನ ಪೆಟ್ಟಿಗೆಯಲ್ಲಿದೆ. ಪೇಟೆಯಲ್ಲಿ ಕೆಲಸ ಮಾಡುವ ತಮ್ಮನಿಗೆ ಇದನ್ನು ಹೇಳುವುದು ಹೇಗೆ ಎಂದು ಅವನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಮದ್ದಿನ ವಿಷಯದಲ್ಲಿ ಮಾತ್ರ ಅವನಲ್ಲಿ ಸಕಾರಣವೇನೂ ಇರಲಿಲ್ಲ. ನಾನೂ ಅಲ್ಲಿ ಸುಮ್ಮನಿರಲಿಲ್ಲ. ಕಳೆದ ವರ್ಷದ ನಷ್ಟ ನಿನ್ನ ‘ನಾಳೆ’ಯಿಂದ ಆದದ್ದೆಂದು ನೇರವಾಗಿ ಹೇಳಿದೆ. ಅವನು ಸಿಟ್ಟಾದ, ಆದರೆ ಎದ್ದುಹೋಗಲಿಲ್ಲ. ದೋಟಿಯವರು ಶನಿವಾರ ಬರಲು ಒಪ್ಪಿದ್ದಾರೆ. ಮೈಲುತುತ್ತನ್ನು ನಾನು ಮಂಗಳೂರಿನಿಂದ ತರುತ್ತೇನೆ, ಸುಣ್ಣ ಅವನು ತರುವನಂತೆ. ಆ ಅರ್ಜಿಯನ್ನು ಓದಿ ಹೇಳಬಲ್ಲ ಸಹೋದ್ಯೋಗಿಯೊಬ್ಬರಿದ್ದಾರೆ. ಸೋಮವಾರ ಅಕ್ಕನೂ ಬರುತ್ತಾಳೆ, ಅಮ್ಮನ ಎದುರಿನಲ್ಲಿಯೇ ಅದನ್ನು ತುಂಬಿಸುತ್ತೇವೆ.